ನರಕ್ಯಾ ಮರ ಮತ್ತು ಅದರೊಳಗಿನ ಬೂಷ್ಟು



ಬೆಳಗಾವಿಯಿಂದ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಗಳತ್ತ ಹೊರಟರೆ ಪಶ್ಚಿಮ ಘಟ್ಟದ ಕಾಡು ಎದುರಾಗುತ್ತದೆ. ಈ ಘಟ್ಟಸಾಲಿನಲ್ಲಿ ಬೆಳೆಯುವ ಒಂದು ಸಣ್ಣ ಮರಕ್ಕೆ ಮರಾಠಿಯಲ್ಲಿ ನರಕ್ಯಾ ಎಂದು ಹೆಸರು. ಕನ್ನಡದಲ್ಲಿ ದುರ್ವಾಸನೆ ಮರ. ಹೆಸರು ಕೇಳಿ ಮೂಗು ಮುರಿಯಬೇಡಿ. ಕ್ಯಾನ್ಸರ್ ಔಷಧಿಯ ಚರಿತ್ರೆಯಲ್ಲಿ ಈ ಮರಕ್ಕೊಂದು ಸ್ಥಾನವಿದೆ.

1966ರಲ್ಲಿ ಅಮೆರಿಕದ ಮನ್ರೋ ವಾಲ್ ಹಾಗೂ ಮಹಾರಾಷ್ಟ್ರದ ನಂದುರಬಾರದಲ್ಲಿ ಹುಟ್ಟಿದ ಮನ್ಸುಖ್ ವಾಣಿ ಅವರು ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಜೀವಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎ ಸುರುಳಿ ಬಿಚ್ಚಿಕೊಳ್ಳಬೇಕಷ್ಟೆ? ಆಗ ಒಂದು ಕಿಣ್ವವು ಎಳೆಯನ್ನು ಕತ್ತರಿಸಿ ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಈ ಜೋಡಣೆಯನ್ನೇ ತಡೆಯುತ್ತದೆ, ಕೋಶ ಸಾಯುತ್ತದೆ. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ನರಕ್ಯಾದಲ್ಲಿ ಕಂಡರು. ಚೀನೀ ಮರಕ್ಕಿಂತ ಇದರಲ್ಲಿ ಅದು ಹೆಚ್ಚು! 1996ರಲ್ಲಿ ಇದರಿಂದ ರೂಪಿಸಿದ ಟೊಪೊಟೆಕಾನ್, ಇರಿನೊಟೆಕಾನ್ ಔಷಧಿಗಳಿಗೆ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಬೇಡಿಕೆಯೇ ಮರಕ್ಕೆ ಕುತ್ತಾಯಿತು. ತೊಗಟೆಗಾಗಿ, ಕಾಂಡಕ್ಕಾಗಿ ಕದ್ದು ಕಡಿಯುವವರು ಹುಟ್ಟಿಕೊಂಡರು.

ಮರ ಕಡಿಯದೆ ಮದ್ದು ಪಡೆಯುವುದೆಂತು? ವಿಜ್ಞಾನಿಗಳ ಕಣ್ಣು ಶಿಲೀಂಧ್ರದತ್ತ, ಅಂದರೆ ಬೂಷ್ಟಿನತ್ತ ಹೊರಳಿತು. ಅದಕ್ಕೆ ಪೂರ್ವನಿದರ್ಶನವಿತ್ತು. 1945ರಲ್ಲಿ ಇಟಲಿಯ ಜುಸೆಪ್ಪೆ ಬ್ರೊಟ್ಜು ಅವರು ಸಾರ್ಡೀನಿಯಾದಲ್ಲಿ ಚರಂಡಿ ನೀರು ಸೇರುವ ಕಡಲಂಚಿನಿಂದ ತೆಗೆದ ಶಿಲೀಂಧ್ರವೇ ಸೆಫಲೊಸ್ಪೊರಿನ್ ಔಷಧಿಗಳಿಗೆ ಮೂಲ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಗೋವೆಯಲ್ಲಿ ಕಡಲು ಸೇರುತ್ತದಲ್ಲ, ಆ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಹಿಂದೂ ಮಹಾಸಾಗರದ ಸುಮಾರು 5000 ಮೀಟರ್ ಆಳದ ಕೆಸರಿನಿಂದಲೂ ಶಿಲೀಂಧ್ರಗಳನ್ನು ಬೆಳೆಸಿ ತೆಗೆದಿದ್ದಾರೆ. ಬೂಷ್ಟಿಗೆ ನೆಲವೂ ಒಂದೇ, ಕಡಲಾಳವೂ ಒಂದೇ.

ನರಕ್ಯಾದ ವಿಷಯದಲ್ಲಿ ಅದು ಮರದ ಒಳಗೇ ಅಡಗಿತ್ತು. 2005ರಲ್ಲಿ ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು, ಮರಕ್ಕೆ ಕೇಡು ಮಾಡದೆ ಅದರ ಅಂಗಾಂಶದಲ್ಲಿ ವಾಸಿಸುವ ಶಿಲೀಂಧ್ರವೊಂದು ತಾನೇ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆಂದು ವರದಿ ಮಾಡಿದರು. ಇನ್ನೇನು, ಕಾಡಿನ ಬದಲು ಕಾರ್ಖಾನೆಯ ತೊಟ್ಟಿ ಸಾಕೆಂದು ಯಾರಿಗಾದರೂ ಅನಿಸುವಂತಿತ್ತು.

ಆದರೆ 2010ರಲ್ಲಿ ಬೆಂಗಳೂರಿನ ಸಂಶೋಧಕರು ನರಕ್ಯಾದ ಶಿಲೀಂಧ್ರಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಹೊಸದಾಗಿ ಬೆಳೆಸಿ ನೋಡಿದಾಗ, ಪ್ರತಿ ಸಲವೂ ಮದ್ದಿನ ಪ್ರಮಾಣ ಇಳಿಯುತ್ತ ಹೋಯಿತು. ಬೂಷ್ಟು ದಟ್ಟವಾಗಿ ಬೆಳೆದಷ್ಟೂ ಮದ್ದು ಕಡಿಮೆ. ಮರದೊಳಗಿದ್ದಾಗ ಮರ ಅದಕ್ಕೆ ಏನನ್ನು ಕೊಡುತ್ತಿತ್ತು?