ಕನಸಿನೊಳಗಿನ ಎಚ್ಚರ, ಎಚ್ಚರದೊಳಗಿನ ಸ್ತಂಭನ

ಕನಸು ನಡೆಯುತ್ತಿರುವಾಗಲೇ ‘ಇದು ಕನಸು’ ಎಂದು ಕೆಲವರಿಗೆ ಗೊತ್ತಾಗಿಬಿಡುತ್ತದೆ. ಇದು ಲೂಸಿಡ್ ಡ್ರೀಮ್. ಇನ್ನು ಕೆಲವರಿಗೆ ಕಣ್ಣು ಬಿಟ್ಟ ಮೇಲೂ ಕೈಕಾಲು ಆಡುವುದಿಲ್ಲ, ದನಿ ಹೊರಡುವುದಿಲ್ಲ, ಕೋಣೆಯಲ್ಲಿ ಯಾರೋ ನಿಂತಿದ್ದಾರೆ ಅನ್ನಿಸುತ್ತದೆ. ಇದು ಸ್ಲೀಪ್ ಪ್ಯಾರಾಲಿಸಿಸ್. ದೆವ್ವ ಬಂದು ಎದೆಯ ಮೇಲೆ ಕೂತಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ಮೊದಲನೆಯದನ್ನು ಅಭ್ಯಾಸ ಮಾಡಲು ಹೊರಟವರನ್ನು ಎರಡನೆಯದರ ಭಯ ಕಾಡುತ್ತದೆ. ಆ ಭಯದಲ್ಲಿ ಎಷ್ಟು ಹುರುಳಿದೆ ಎಂದು ತಿಳಿಯಬೇಕಾದರೆ ಈ ಎರಡರ ಅಧ್ಯಯನವೂ ನಡೆದುಬಂದ ದಾರಿಯನ್ನು ನೋಡಬೇಕು.

ಬಹುಕಾಲ ಇವೆರಡೂ ಬೇರೆಬೇರೆಯವರ ಕೈಯಲ್ಲಿದ್ದವು. ನಿದ್ದೆಯಲ್ಲಿರುವವನಿಗೆ ತಾನು ಕಾಣುತ್ತಿರುವುದು ಕನಸೆಂಬ ಅರಿವು ಇರಬಹುದು ಎಂದು ಅರಿಸ್ಟಾಟಲ್ ಬರೆದಿದ್ದ. ಟಿಬೆಟಿನ ಬೌದ್ಧರು ಆ ಅರಿವನ್ನು ಕನಸಿನ ಯೋಗವೆಂಬ ಸಾಧನೆಯಾಗಿ ಬೆಳೆಸಿದರು. ಯುರೋಪಿನಲ್ಲಿ ಎರ್ವೆ ದ ಸೇಂಟ್-ಡೆನಿಸ್ ತನ್ನ ಕನಸುಗಳನ್ನು ವರ್ಷಗಟ್ಟಲೆ ಬರೆದಿಟ್ಟು, ಅವುಗಳನ್ನು ನಡೆಸುವ ಬಗೆಯನ್ನು ಕುರಿತು 1867ರಲ್ಲಿ ಪುಸ್ತಕ ಹೊರತಂದ. ಲೂಸಿಡ್ ಡ್ರೀಮ್ ಎಂಬ ಹೆಸರು ಬಳಕೆಗೆ ಬಂದದ್ದು ಡಚ್ ಲೇಖಕ, ಮನೋವೈದ್ಯ ಫ್ರೆಡರಿಕ್ ವಾನ್ ಏಡನ್ 1913ರಲ್ಲಿ ಪ್ರಕಟಿಸಿದ ಪ್ರಬಂಧದಿಂದ.

ಸ್ತಂಭನದ ಕಥೆ ವೈದ್ಯರ ಮತ್ತು ಜಾನಪದದವರ ಪಾಲಿಗೆ ಬಂತು. ಹದಿನೇಳನೇ ಶತಮಾನದಲ್ಲಿ ಡಚ್ ವೈದ್ಯ ಇಸ್ಬ್ರಾಂಡ್ ವಾನ್ ಡೀಮರ್‌ಬ್ರೂಕ್ ಇಂಥ ರೋಗಿಯೊಬ್ಬರ ಅವಸ್ಥೆಯನ್ನು ವಿವರವಾಗಿ ದಾಖಲಿಸಿದ. ಈಗಿನ ಹೆಸರನ್ನು ಬಳಕೆಗೆ ತಂದವನು ಲಂಡನ್ನಿನ ನರವೈದ್ಯ ಕಿನಿಯರ್ ವಿಲ್ಸನ್, 1928ರಲ್ಲಿ. ನ್ಯೂಫೌಂಡ್‌ಲ್ಯಾಂಡಿನ ಜನ ಇದನ್ನು ‘ಓಲ್ಡ್ ಹ್ಯಾಗ್’ ಎಂಬ ಮುದಿ ಮಾಟಗಾತಿಯ ಕೆಲಸವೆನ್ನುತ್ತಿದ್ದರು. ಅಮೆರಿಕದ ಡೇವಿಡ್ ಹಫರ್ಡ್ ಅಂಥವರ ಮಾತುಗಳನ್ನು ಸಂಗ್ರಹಿಸಿ 1982ರಲ್ಲಿ ಪುಸ್ತಕ ಬರೆದ. ಮೂಢನಂಬಿಕೆ ಎಂದು ತಳ್ಳಿಹಾಕದೆ, ಜನರಿಗೆ ನಿಜವಾಗಿ ಆದ ಅನುಭವವೆಂದೇ ಅವನು ಅದನ್ನು ಕೇಳಿಸಿಕೊಂಡ. ಈ ಕ್ಷೇತ್ರದ ದೊಡ್ಡ ಕೆಲಸಗಳಲ್ಲಿ ಅದೂ ಒಂದು ಎಂದು ನಾನು ಭಾವಿಸುತ್ತೇನೆ.

ಎರಡು ದಾರಿಗಳೂ ಕೂಡಿದ್ದು ನಿದ್ದೆಯ ಪ್ರಯೋಗಾಲಯದಲ್ಲಿ. ನಿದ್ದೆಯ ಒಂದು ಘಟ್ಟದಲ್ಲಿ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯ ಕೆಳಗೆ ಸರಸರ ಓಡಾಡುತ್ತವೆ ಎಂಬುದನ್ನು ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದರು. ಇದೇ ರೆಮ್ ನಿದ್ದೆ. ಗಾಢವಾದ ಕನಸುಗಳು ಹೆಚ್ಚಾಗಿ ಬೀಳುವುದು ಇದರಲ್ಲೇ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಮಿಷೆಲ್ ಜುವೆ, ಆ ಹೊತ್ತಿನಲ್ಲಿ ಮೈಯ ಸ್ನಾಯುಗಳು ಪೂರ್ತಿ ಸಡಿಲವಾಗುವುದನ್ನು ಕಂಡ. ಮಿದುಳು ಕಾಂಡದ ಒಂದು ಭಾಗಕ್ಕೆ ಗಾಯ ಮಾಡಿದಾಗ ಆ ತಡೆ ಕಳಚಿತು. ನಿದ್ದೆಯಲ್ಲಿದ್ದ ಬೆಕ್ಕುಗಳೇ ಎದ್ದು, ಬೇಟೆಯ ಮೇಲೆ ಎರಗುವಂತೆ ವರ್ತಿಸಿದವು. ಮನುಷ್ಯರಲ್ಲೂ ಈ ತಡೆ ತಪ್ಪಿದರೆ ಕನಸಿನಲ್ಲಿ ಹೊಡೆದಾಡಿ ಗಾಯ ಮಾಡಿಕೊಳ್ಳುತ್ತಾರೆ ಎಂಬುದನ್ನು 1986ರಲ್ಲಿ ಅಮೆರಿಕದ ಕಾರ್ಲೋಸ್ ಶೆಂಕ್, ಮಾರ್ಕ್ ಮಹೋವಾಲ್ಡ್ ಮತ್ತವರ ತಂಡ ವರದಿ ಮಾಡಿತು. ಅಂದಮೇಲೆ ಈ ಸ್ತಂಭನ ನಮ್ಮನ್ನು ಕಾಯುವ ವ್ಯವಸ್ಥೆ. ನಿಮಗೂ ನನಗೂ ಪ್ರತಿ ರಾತ್ರಿ ಇದು ಆಗುತ್ತದೆ, ಗೊತ್ತಾಗುವುದಿಲ್ಲ ಅಷ್ಟೆ. ಸ್ಲೀಪ್ ಪ್ಯಾರಾಲಿಸಿಸ್ ಎಂದರೆ ಆ ತಡೆ ಸರಿಯುವ ಮೊದಲೇ ಮನಸ್ಸು ಎಚ್ಚರಗೊಳ್ಳುವುದು. ಕಣ್ಣೆದುರು ಕೋಣೆ ಕಾಣುತ್ತಿರುತ್ತದೆ, ಕನಸಿನ ಬಿಂಬಗಳೂ ಅದರಲ್ಲೇ ಬೆರೆತುಕೊಳ್ಳುತ್ತವೆ.

ಸ್ತಂಭನ ಎಲ್ಲವನ್ನೂ ಕಟ್ಟಿಹಾಕುವುದಿಲ್ಲ. ಉಸಿರಾಟಕ್ಕೆ ಬೇಕಾದ ವಪೆ ಕೆಲಸ ಮಾಡುತ್ತಿರುತ್ತದೆ, ಕಣ್ಣಿನ ಸ್ನಾಯುಗಳೂ ಅಷ್ಟೆ. ಲೂಸಿಡ್ ಡ್ರೀಮ್ ವಿಜ್ಞಾನವೆಲ್ಲ ನಿಂತಿರುವುದು ಈ ಸಂಗತಿಯ ಮೇಲೆ. ಇದನ್ನು ಬಳಸಿಕೊಳ್ಳುವವರೆಗೆ ‘ಕನಸಿನಲ್ಲಿ ನನಗೆ ಎಚ್ಚರವಿತ್ತು’ ಎಂದವರ ಮಾತನ್ನು ನಿದ್ರಾತಜ್ಞರು ನಂಬುತ್ತಿರಲಿಲ್ಲ. ಅರೆಕ್ಷಣ ಎಚ್ಚರವಾಗಿರಬೇಕು ಎನ್ನುತ್ತಿದ್ದರು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಒಂದು ಉಪಾಯ ಹೂಡಿದ: ಕನಸೆಂದು ತಿಳಿದ ಕೂಡಲೇ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಲೆಕ್ಕವಿಟ್ಟು ಹೊರಳಿಸಬೇಕು. 1975ರ ಏಪ್ರಿಲ್‌ನಲ್ಲಿ ಅಲನ್ ವರ್ಸ್ಲಿ ಎಂಬಾತ ರೆಮ್ ನಿದ್ದೆಯಲ್ಲೇ ಆ ಸಂಕೇತ ಕಳಿಸಿದ. ಯಂತ್ರದ ಕಾಗದದ ಮೇಲೆ ಮಿದುಳಿನ ಅಲೆ ನಿದ್ದೆಯದು, ಸ್ನಾಯುಗಳು ಸ್ತಬ್ಧ, ಆದರೆ ಕಣ್ಣಿನ ಗೆರೆ ಮಾತ್ರ ಹೇಳಿದಂತೆ ಹೊರಳಿತ್ತು! ಇದನ್ನರಿಯದೆ ಸ್ಟಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಇದೇ ದಾರಿ ಹಿಡಿದು 1980ರಲ್ಲಿ ಡಾಕ್ಟರೇಟ್ ಪಡೆದ. ಮರುವರ್ಷ ಪ್ರಬಂಧ ಪ್ರಕಟವಾಯಿತು. ನಿದ್ದೆ ನಿಜವೆಂದು ಸಾರಿದ್ದು ಆ ಸ್ತಬ್ಧ ಸ್ನಾಯುಗಳೇ. ಕಲಿಯುವವರು ಯಾವುದಕ್ಕೆ ಹೆದರುತ್ತಾರೋ ಅದೇ ಈ ವಿದ್ಯೆಗೆ ಸಾಕ್ಷಿ ಹೇಳಿತು.

ಮುಂದಿನದು ವೇಗವಾಗಿ ನಡೆಯಿತು. 2009ರಲ್ಲಿ ಜರ್ಮನಿಯ ಉರ್ಸುಲಾ ಫಾಸ್ ತಂಡ, ಲೂಸಿಡ್ ಡ್ರೀಮ್ ಹೊತ್ತಿನ ಮಿದುಳಿನಲ್ಲಿ ನಿದ್ದೆ ಮತ್ತು ಎಚ್ಚರ ಎರಡರ ಗುರುತುಗಳೂ ಬೆರೆತಿವೆ ಎಂದಿತು. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲ್ಯಾಂಡ್ಸ್‌ನ ನಾಲ್ಕು ಪ್ರಯೋಗಾಲಯಗಳು 36 ಜನರನ್ನು ಮಲಗಿಸಿ ಕನಸಿನಲ್ಲಿದ್ದವರಿಗೆ ಪ್ರಶ್ನೆ ಕೇಳಿದವು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದದ್ದಕ್ಕೆ ಒಬ್ಬ ಎರಡು ಬಾರಿ ಕಣ್ಣು ಹೊರಳಿಸಿ ಉತ್ತರಿಸಿದ. ಸರಿಯುತ್ತರ ಬಂದದ್ದು ಸುಮಾರು ಶೇ. 18ರಷ್ಟು ಯತ್ನಗಳಲ್ಲಿ ಮಾತ್ರ. ಆದರೂ ನನ್ನ ಕಣ್ಣಿಗೆ ಇದು ಚಿಕ್ಕ ಸಾಧನೆಯಲ್ಲ.

ಹಾಗಾದರೆ ಭಯದ ಮಾತೇನು? 2011ರಲ್ಲಿ ಶಾರ್ಪ್‌ಲೆಸ್ ಮತ್ತು ಬಾರ್ಬರ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾಮಾನ್ಯ ಜನರಲ್ಲಿ ಶೇ. 7.6, ವಿದ್ಯಾರ್ಥಿಗಳಲ್ಲಿ ಶೇ. 28.3ರಷ್ಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಸ್ಲೀಪ್ ಪ್ಯಾರಾಲಿಸಿಸ್ ಆಗಿತ್ತು. ನಿದ್ದೆಗೇಡು, ಮನಸ್ಸಿನ ಒತ್ತಡ, ಅಂಗಾತ ಮಲಗುವುದು ಇದಕ್ಕೆ ದಾರಿ ಮಾಡುತ್ತವೆ. ಜಪಾನಿನ ಸಂಶೋಧಕರು 1992ರಲ್ಲಿ ನಿದ್ದೆಯನ್ನು ಬೇಕೆಂದೇ ಮಧ್ಯೆ ಕೆಡಿಸಿ ಪ್ರಯೋಗಾಲಯದಲ್ಲೇ ಇದನ್ನು ಬರಿಸಿದ್ದರು. ಕಲಿಯುವವರು ಗಮನಿಸಬೇಕಾದದ್ದು ಇಲ್ಲೇ. ಕನಸೆಂದು ತಿಳಿಯುವುದರಿಂದ ಮೈ ಸ್ತಂಭಿಸುವುದಿಲ್ಲ. ಆದರೆ ಬೆಳಗಿನ ಜಾವಕ್ಕೆ ಅಲಾರಂ ಇಟ್ಟು ಎದ್ದು ಮತ್ತೆ ಮಲಗುವುದು, ಅರಿವನ್ನು ಬಿಡದೆ ನೇರ ಕನಸಿಗೆ ಇಳಿಯಲು ಯತ್ನಿಸುವುದು ಮುಂತಾದ ಅಭ್ಯಾಸಗಳು ನಿದ್ದೆಯನ್ನು ಮುರಿಯುತ್ತವೆ. ಸ್ತಂಭನ ಎದುರಾಗುವ ಸಂಭವ ಅಲ್ಲಿದೆ. ಡ್ಯಾನ್ ಡೆನಿಸ್ ಮತ್ತು ಜೂಲಿಯಾ ಪೊಯೆರಿಯೊ 2017ರಲ್ಲಿ ಎರಡೂ ಅನುಭವಗಳ ನಡುವೆ ನಂಟಿದೆ ಎಂದು ತೋರಿಸಿದರು. ನಂಟಿದೆ ಎಂದರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ.

ಭಯವೇ ಈ ಅನುಭವವನ್ನು ಬೆಳೆಸುತ್ತದೆ. ಈಜಿಪ್ಟಿನಲ್ಲಿ ಅನೇಕರು ಇದನ್ನು ಜಿನ್‌ಗಳ ಕಾಟವೆಂದು ನಂಬುತ್ತಾರೆ. ಡೆನ್ಮಾರ್ಕಿನವರೊಂದಿಗೆ ಹೋಲಿಸಿದಾಗ ಅವರಲ್ಲಿ ಸತ್ತೇಹೋಗುತ್ತೇವೆ ಎಂಬ ದಿಗಿಲು ಹೆಚ್ಚೆಂದು ಬಾಲಂದ್ ಜಲಾಲ್ ಮತ್ತವರ ಜೊತೆಗಾರರು ಕಂಡುಕೊಂಡರು. ಆಗುತ್ತಿರುವುದು ಏನೆಂದು ತಿಳಿದವನಿಗೆ ಅರ್ಧ ಧೈರ್ಯ ಅಲ್ಲೇ ಬರುತ್ತದೆ. ಕೈಕಾಲು ಒದ್ದಾಡಿಸಲು ಹೋಗಬೇಡಿ. ಉಸಿರು ನಡೆಯುತ್ತಿದೆ ಎಂದು ನೆನಪಿಸಿಕೊಳ್ಳಿ, ಬೆರಳ ತುದಿಯನ್ನಷ್ಟೇ ಅಲುಗಿಸಲು ನೋಡಿ. ಸಾಮಾನ್ಯವಾಗಿ ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳೊಳಗೆ ಬಿಟ್ಟುಹೋಗುತ್ತದೆ.

ಮಾತ್ರೆಗಳ ವಿಷಯದಲ್ಲಿ ಮಾತ್ರ ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಮರೆವಿನ ಕಾಯಿಲೆಗೆ ಕೊಡುವ ಗ್ಯಾಲಂಟಮೀನ್ 121 ಜನರ ಪ್ರಯೋಗವೊಂದರಲ್ಲಿ ಲೂಸಿಡ್ ಡ್ರೀಮ್‌ಗಳನ್ನು ಹೆಚ್ಚಿಸಿದ್ದು ನಿಜ, 2018ರಲ್ಲಿ. ಅದು ತಜ್ಞರ ನಿಗಾದಲ್ಲಿ ನಡೆದ ಕೆಲಸ. ಅಂತರ್ಜಾಲದಲ್ಲಿ ತರಿಸಿಕೊಂಡು ನುಂಗುವುದು ಅಪಾಯ. ವಾಸ್ತವ ಯಾವುದು, ಭ್ರಮೆ ಯಾವುದು ಎಂದು ಗೊಂದಲವಾಗುವ ಮಾನಸಿಕ ಕಾಯಿಲೆ ಇದ್ದವರು ಈ ಅಭ್ಯಾಸದ ಗೊಡವೆಗೇ ಹೋಗದಿರುವುದು ಒಳ್ಳೆಯದು. ಸ್ತಂಭನ ಪದೇ ಪದೇ ಆಗುತ್ತಿದ್ದರೆ, ಹಗಲಿನಲ್ಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ನಾರ್ಕೊಲೆಪ್ಸಿ ಇರಬಹುದು. ದೃಷ್ಟಿ ತೆಗೆಸುವುದರಲ್ಲಿ ದಿನ ಕಳೆಯದೆ ನಿದ್ರಾ ತಜ್ಞರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರಾ ಸಮಸ್ಯೆಗಳಿಗೆ ಚಿಕಿತ್ಸೆ ದೊರೆಯುತ್ತದೆ.