ರೆಡ್ ಕ್ಲೌಡಿನ ಇಟ್ಟಿಗೆಯ ಇಗರ್ಜಿ

ದೇವಾಲಯದ ಚರಿತ್ರೆಯನ್ನು ಶಿಲ್ಪದಿಂದ, ಶಾಸನದಿಂದ, ಕಟ್ಟಿಸಿದ ಅರಸನ ಹೆಸರಿನಿಂದ ಅಳೆಯುವುದು ನಮ್ಮ ವಾಡಿಕೆ. ಈ ಮೂರೂ ಇಲ್ಲದ ಕಟ್ಟಡಕ್ಕೂ ಚರಿತ್ರೆಯುಂಟು. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ರೆಡ್ ಕ್ಲೌಡ್ ಎಂಬ ಸಣ್ಣ ಊರಿದೆ. ಅಲ್ಲಿಯ ಜನಸಂಖ್ಯೆ ಇಂದು ಸಾವಿರದೊಳಗೆ. ಸೇಂಟ್ ಜೂಲಿಯಾನ ಫಾಲ್ಕನಿಯೆರಿ ಎಂಬ ಕೆಥೊಲಿಕ್ ಇಗರ್ಜಿ ಆ ಊರಿನದು. ಇಟ್ಟಿಗೆಯ ಪುಟ್ಟ ಕಟ್ಟಡ.

ಅದು ಮರಗಳು ವಿರಳವಾದ ಹುಲ್ಲುಗಾವಲಿನ ಸೀಮೆ. 1862ರ ಕಾಯಿದೆಯಂತೆ 160 ಎಕರೆ ಭೂಮಿ ದೊರೆಯುವುದೆಂದು ಬಂದ ವಲಸಿಗರಲ್ಲಿ ಅನೇಕರು, ಹುಲ್ಲಿನ ಬೇರು ಹೆಣೆದ ನೆಲವನ್ನೇ ಹೆಂಟೆಗಳಾಗಿ ಕತ್ತರಿಸಿ, ಒಂದರ ಮೇಲೊಂದಿಟ್ಟು ಮನೆ ಮಾಡಿಕೊಂಡರು. ಅಂತಹ ಸೀಮೆಯಲ್ಲಿ 1883ರಲ್ಲಿ ಇಟ್ಟಿಗೆಯ ಇಗರ್ಜಿ ಎದ್ದಿತೆಂದರೆ, ‘ನಾವು ಇಲ್ಲಿಯೇ ನೆಲಸುವವರು’ ಎಂದು ಜನ ಸಾರಿದಂತೆಯೇ ಸರಿ. ಅದೇ ವರ್ಷ ವರ್ಜೀನಿಯದಿಂದ ಅಲ್ಲಿಗೆ ಬಂದ ಒಂಬತ್ತರ ಬಾಲೆಯೇ ಮುಂದೆ ಕಾದಂಬರಿಗಾರ್ತಿಯಾಗಿ ಹೆಸರಾದ ವಿಲ್ಲಾ ಕ್ಯಾದರ್.

ಬೊಹೀಮಿಯದ ಸಾಡಿಲೆಕ್ ಕುಟುಂಬ ಆ ಸೀಮೆಗೆ ಬಂದದ್ದು 1880ರಲ್ಲಿ. ಮರುವರ್ಷವೇ ಮನೆಯ ಯಜಮಾನ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಅಂಥವರಿಗೆ ಕೆಥೊಲಿಕ್ ಸ್ಮಶಾನದಲ್ಲಿ ಎಡೆಯಿಲ್ಲವೆಂಬುದು ಅಂದಿನ ಮತನಿಯಮ. ಆತನ ಮಗಳು ಆನಾ ರೆಡ್ ಕ್ಲೌಡಿನ ಮನೆಗಳಲ್ಲಿ ಕೆಲಸಕ್ಕೆ ನಿಂತಳು. ರೈಲ್ವೆಯ ನೌಕರನೊಬ್ಬನನ್ನು ನಂಬಿ ಊರು ಬಿಟ್ಟು ಹೋಗಿ, ಮೋಸಹೋಗಿ ಮರಳಿದಳು. 1892ರಲ್ಲಿ ಹೆಣ್ಣುಮಗುವನ್ನು ಹೆತ್ತಳು. ಆ ಮಗುವಿಗೆ ದೀಕ್ಷಾಸ್ನಾನವಾದದ್ದು ಈ ಇಗರ್ಜಿಯಲ್ಲಿ. ಬಳಿಕ ಜಾನ್ ಪವೆಲ್ಕ ಎಂಬ ರೈತನೊಡನೆ ಆನಾಳ ವಿವಾಹ ನಡೆದದ್ದೂ ಇಲ್ಲಿಯೇ.

ತಂದೆಯ ಶವಕ್ಕೆ ಎಡೆ ಕೊಡದ ಮತವೇ ಮಗಳ ಕೂಸನ್ನು ಬರಮಾಡಿಕೊಂಡಿತು. ನಿಯಮ ಬದಲಾಗಿರಲಿಲ್ಲ, ಆದರೆ ಹುಟ್ಟಿದ ಮಗುವಿಗೆ ಆ ಬಾಗಿಲು ಮುಚ್ಚಲಿಲ್ಲ. ಈ ಆನಾಳೇ ಕ್ಯಾದರ್ 1918ರಲ್ಲಿ ಪ್ರಕಟಿಸಿದ ‘ಮೈ ಆಂತೋನಿಯ’ ಕಾದಂಬರಿಯ ನಾಯಕಿಗೆ ಮೂಲ. ಅಲ್ಲಿ ತಂದೆಯ ಗೋರಿ ದಾರಿಗಳು ಕೂಡುವ ಎಡೆಯಲ್ಲಿದೆ; ದಾರಿಯೇ ಅದನ್ನು ಬಳಸಿ ಸಾಗುತ್ತದೆ. ಮಗಳಾದರೋ ತನ್ನ ಕೂಸಿನ ಭಾವಚಿತ್ರವನ್ನು ಮರೆಮಾಚದೆ, ಚಿನ್ನದ ಬಣ್ಣದ ಚೌಕಟ್ಟು ಹಾಕಿಸುತ್ತಾಳೆ. ಮತ ನಿರಾಕರಿಸಿದ ಗೌರವವನ್ನು ತಂದೆಗೆ ಸಲ್ಲಿಸಿದವಳು ಕಾದಂಬರಿಗಾರ್ತಿ.

ಕಾಲಾಂತರದಲ್ಲಿ ಆ ಕಟ್ಟಡದಲ್ಲಿ ಪೂಜೆ ನಿಂತಿತು. ಆದರೂ ಕ್ಯಾದರಳ ಹೆಸರಿನ ಸಂಸ್ಥೆ ಅದನ್ನು ಉಳಿಸಿತು. 1978ರಲ್ಲಿ ರಾಜ್ಯದ ಇತಿಹಾಸ ಸಂಘದ ವಶಕ್ಕೆ ಹೋದ ಕಟ್ಟಡ 2019ರಲ್ಲಿ ಸಂಸ್ಥೆಗೇ ಮರಳಿತು. ಅದನ್ನು ಉಳಿಸಿದ್ದು ಅರಸನ ಶಾಸನವಲ್ಲ, ಮನೆಗೆಲಸದ ಹೆಣ್ಣೊಬ್ಬಳ ಬದುಕು.