ಮೃತ್ಯುಪತ್ರವೂ ಮನಶ್ಶಾಂತಿಯೂ

ಸವದತ್ತಿ ತಾಲೂಕಿನ ಸಿರಸಂಗಿ ಎಂದೊಡನೆ ಕಾಳಮ್ಮನ ಗುಡಿಯ ಜೊತೆಗೆ ನೆನಪಾಗುವ ಹೆಸರು ತ್ಯಾಗವೀರ ಲಿಂಗರಾಜ ದೇಸಾಯಿಯವರದು. 1861ರಲ್ಲಿ ಜನಿಸಿ, ಸಿರಸಂಗಿಯ ದೇಸಗತಿ ಮನೆತನಕ್ಕೆ ದತ್ತಕರಾಗಿ ಬಂದ ಅವರು 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದರು. 1906ರಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 45 ವರ್ಷ. ಅಷ್ಟರೊಳಗೆ ಅವರು ತಮ್ಮ ಮೃತ್ಯುಪತ್ರವನ್ನು ಬರೆದಿಟ್ಟು, ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮುಡಿಪಾಗಿಸಿದ್ದರು. ಸಿರಸಂಗಿ-ನವಲಗುಂದ ಟ್ರಸ್ಟ್ ಅದರಿಂದಲೇ ಮೂಡಿತು. 1933ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಆರಂಭಿಸಿದ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಉಯಿಲಿಗೆ ನಮ್ಮ ಕಡೆ ಮೃತ್ಯುಪತ್ರವೆಂದೇ ಹೆಸರು. ಆ ಪದ ಕೇಳಿದರೆ ಮನೆಮಂದಿ ಬೆಚ್ಚುತ್ತಾರೆ. ಹಿರಿಯರು ಮಾತು ತೆಗೆದರೆ, "ಅಂಥಾ ಮಾತು ಈಗ್ಯಾಕ, ಬಿಡ್ರಿ" ಎಂದು ಬಾಯಿ ಮುಚ್ಚಿಸುತ್ತಾರೆ. ಪ್ರೀತಿಯಿಂದ ಆಡುವ ಮಾತೇ ಸರಿ. ಆದರೆ ಅದರಿಂದ ಮುದಿ ಜೀವ ಒಂಟಿಯಾಗುತ್ತದೆ. ಮುಪ್ಪಿನಲ್ಲಿ ನೋವಿಗಿಂತಲೂ ಹೆಚ್ಚಾಗಿ ಕಾಡುವುದು 'ನನ್ನ ನಂತರ ಏನು?' ಎಂಬ ಪ್ರಶ್ನೆ.

ಇದೇ ಅಂಜಿಕೆ ನಮ್ಮ ಧರ್ಮಸಭೆಯ ಒಂದು ಸಂಸ್ಕಾರವನ್ನೂ ಶತಮಾನಗಳ ಕಾಲ ಆವರಿಸಿತ್ತು. ರೋಗಿಗೆ ತೈಲ ಹಚ್ಚಿ ಪ್ರಾರ್ಥಿಸುವ ಪದ್ಧತಿ ಯಕೋಬನ ಪತ್ರಿಕೆಯಷ್ಟು ಹಳೆಯದು. ಕಾಲಕ್ರಮೇಣ ಅದನ್ನು ಕೊನೆಯುಸಿರಿನ ತನಕ ಮುಂದೂಡುವ ರೂಢಿ ಬೆಳೆದು, 'ಅಂತಿಮ ಅಭ್ಯಂಗ' ಎಂಬ ಹೆಸರೇ ನಿಂತಿತು. ಗುರುಗಳು ತೈಲದೊಡನೆ ಬಾಗಿಲಿಗೆ ಬಂದರೆ ಅಳು ಶುರುವಾಗುತ್ತಿತ್ತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು 'ರೋಗಿಗಳ ಅಭ್ಯಂಗ' ಎಂಬ ಹೆಸರೇ ಹೆಚ್ಚು ಯೋಗ್ಯವೆಂದು ಸಾರಿತು. ಕಾಯಿಲೆಯಿಂದಾಗಲಿ ಮುಪ್ಪಿನಿಂದಾಗಲಿ ಜೀವಕ್ಕೆ ಅಪಾಯ ತೋರತೊಡಗಿದಾಗಲೇ ಅದನ್ನು ಪಡೆಯಲು ತಕ್ಕ ಸಮಯ ಬಂದಿರುತ್ತದೆ ಎಂದಿತು. 1972ರಲ್ಲಿ ಪೋಪ್ ಆರನೇ ಪೌಲರು ಹೊಸ ವಿಧಿಯನ್ನು ಅನುಮೋದಿಸಿದರು. ಗಂಭೀರ ಕಾಯಿಲೆಯಿಲ್ಲದಿದ್ದರೂ ಬಹಳ ನಿಶ್ಶಕ್ತರಾದ ವೃದ್ಧರು ಇದನ್ನು ಪಡೆಯಬಹುದು. ರೋಗ ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು.

ದೇಸಾಯಿಯವರ ಧರ್ಮ ಬೇರೆ, ನಮ್ಮದು ಬೇರೆ. ಆದರೂ ಅವರ ಬಾಳಿನಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಸಾವಿನ ಸಿದ್ಧತೆ ಪ್ರಜ್ಞೆ ತಪ್ಪುವ ಮುನ್ನ, ಕೈ ಬರೆಯಬಲ್ಲಾಗ, ನಾಲಿಗೆ ಕ್ಷಮೆ ಕೇಳಬಲ್ಲಾಗ ನಡೆಯಬೇಕು. ಆದ್ದರಿಂದ ಪ್ರಿಯ ಕುಟುಂಬಗಳೇ, ನಿಮ್ಮ ಹಿರಿಯರು ಸಾವಿನ ಮಾತೆತ್ತಿದಾಗ ತಡೆಯಬೇಡಿ. ಯಾರಿಗೆ ಏನು ಕೊಡಬೇಕು, ಯಾರೊಡನೆ ರಾಜಿಯಾಗಬೇಕು, ಗುರುಗಳನ್ನು ಯಾವಾಗ ಕರೆಸಬೇಕು ಎಂಬುದನ್ನು ಅವರೇ ಹೇಳಲಿ. ಪಕ್ಕದಲ್ಲಿ ಕುಳಿತು ಕೇಳಿರಿ.